ಅಲಾರಂ ಕಿತ್ತ ಮರುದಿನ

ನನ್ನ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಕಪ್ಪು ರಿಮೋಟು ಬಿದ್ದಿರುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಬೀಗದ ಚಿತ್ರ ಅಳಿಸಿಹೋದ ಎರಡು ಗುಂಡಿಗಳಿವೆ. ಈಗ ಅದು ಯಾವ ಕೆಲಸಕ್ಕೂ ಬಾರದು. ಆದರೂ ಹೊಸದುರ್ಗದ ಪೇಟೆಯಲ್ಲಿ ಗಿರಾಕಿಗಳೆಲ್ಲ ಉಂಡು ಅಡ್ಡಾಗುವ ಮಧ್ಯಾಹ್ನದ ಹೊತ್ತಿಗೆ ನನ್ನ ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಹೋಗಿ ಕೂರುತ್ತದೆ. ಒತ್ತುತ್ತೇನೆ. ಎಲ್ಲೂ ಏನೂ ಸದ್ದಾಗುವುದಿಲ್ಲ. ಸದ್ದಾಗದೆ ಇರುವುದು ಎಂಥ ಹಿತ ಅನ್ನುವುದು ಗೊತ್ತಾಗಬೇಕಾದರೆ ನಿಮ್ಮ ಕಾರಿಗೂ ನನ್ನ ಗೆಳೆಯ ರಫೀಕ ಅಲಾರಂ ಕೂರಿಸಿರಬೇಕಿತ್ತು.

ರಫೀಕ ನನ್ನ ಓರಗೆಯವನು. ಅವರ ಮನೆತನದವರು ತಲೆತಲಾಂತರದಿಂದ ಈ ಊರಿನಲ್ಲಿ ಹೊಲಿಗೆಯ ಕೆಲಸದವರು. ಮೊದಲು ಕುದುರೆ ಜೀನು, ಆಮೇಲೆ ಜಟಕಾದ ದಿಂಬು, ಅವನ ಅಪ್ಪನ ಕಾಲಕ್ಕೆ ಕಾರು ಬಸ್ಸುಗಳ ರೆಕ್ಸಿನ್ ಸೀಟು. ರಫೀಕನ ಕಾಲಕ್ಕೆ ಅಂಗಡಿಯಲ್ಲಿ ಮಿಣಮಿಣ ದೀಪ, ಸ್ಪೀಕರು, ಅಲಾರಂ ಎಲ್ಲ ಬಂದವು. ನಾನು ಯಾರದೋ ಕೈದಾಟಿದ ಹಳೆ ಕಾರು ಕೊಂಡ ದಿನವೇ ಅವನು ಬಂದು, "ಲೇ ಮಂಜ, ಕಾರು ತಗಂಡ್ಯಲ್ಲ, ಇನ್ನ ಕಳ್ರು ನಿನ್ ಮನೆ ಹುಡುಕ್ಕಂಡ್ ಬರ್ತಾರೆ ನೋಡು" ಎಂದು ಹೆದರಿಸಿ, ನಾನು ಹೂಂ ಅನ್ನುವ ಮೊದಲೇ ಬಾನೆಟ್ಟು ಎತ್ತಿದ್ದ. ಹೊಸದುರ್ಗದಲ್ಲಿ ಕಾರು ಕದ್ದವರನ್ನು ನಾನಂತೂ ಕಂಡಿಲ್ಲ. ಕದ್ದರೂ ಎಲ್ಲಿಗೆ ಒಯ್ಯುತ್ತಾರೆ ಹೇಳಿ, ಯಾವ ತೆಂಗಿನ ತೋಟಕ್ಕೆ ನುಗ್ಗಿಸಿದರೂ ಅಲ್ಲಿ ನನ್ನ ಅಂಗಡಿಯ ಗಿರಾಕಿ ಒಬ್ಬ ಇದ್ದೇ ಇರುತ್ತಾನೆ.

ಆ ಅಲಾರಂ ಆರು ರಾಗಗಳಲ್ಲಿ ಅರಚುತ್ತಿತ್ತು. ತೆಂಗಿನ ಗರಿ ಬಿದ್ದರೆ ಅರಚುತ್ತಿತ್ತು, ಕಾಗೆ ಕೂತರೆ ಅರಚುತ್ತಿತ್ತು, ಆಷಾಢದ ಗಾಳಿಗಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಒಮ್ಮೆ ಹಿರೇಗುಂಟನೂರಿನ ಹತ್ತಿರ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಎಳನೀರು ಕುಡಿಯುತ್ತಿದ್ದೆ. ಹಾದುಹೋಗುತ್ತಿದ್ದ ಕುರಿಮಂದೆಯ ಟಗರೊಂದು ಬಾಗಿಲಿಗೆ ಮೈ ಉಜ್ಜಿತು. ಆರೂ ರಾಗಗಳು ಒಂದರ ಹಿಂದೊಂದು ಹೊರಟವು, ಮಂದೆ ದಿಕ್ಕಾಪಾಲಾಯಿತು. ಕುರಿ ಕಾಯುವಾತ ಓಡಲೂ ಇಲ್ಲ, ಬೈಯಲೂ ಇಲ್ಲ. ಕೋಲೂರಿ ನಿಂತು, ನಿಜವಾಗಿಯೂ ಮರುಕದಿಂದ ಕೇಳಿದ: "ಏನಪ್ಪ, ನಿನ್ ಗಾಡಿಗೆ ಕುರಿ ಕಂಡ್ರೆ ಇಷ್ಟು ಭಯ ಐತಾ?" ಇನ್ನೊಮ್ಮೆ ಹೊಳಲ್ಕೆರೆಯಲ್ಲಿ ದೂರದ ನೆಂಟರೊಬ್ಬರು ತೀರಿಕೊಂಡಾಗ, ಒಳಗೆ ಎಲ್ಲರೂ ಅತ್ತು ಸುಮ್ಮನಾದ ಮೇಲೂ ಬೀದಿಯಲ್ಲಿ ನನ್ನ ಕಾರು ಅಳುತ್ತಲೇ ಇತ್ತು. ವಾಪಸು ಬರುವಾಗ ನಮ್ಮ ಗಂಗತ್ತೆ ಕಿಟಕಿಯಾಚೆ ನೋಡುತ್ತ, "ನಮ್ ಕಡೆಯಿಂದ ನೆಟ್ಟಗೆ ಅತ್ತಿದ್ದು ಅದೊಂದೇ ಬಿಡು" ಅಂದಳು.

ಗಂಗತ್ತೆ ನನ್ನ ಅಪ್ಪನ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಮನೆಗೆ ಅವಳೇ ಹಿರಿಯಳು. ಶಕುನದ ಇಲಾಖೆ ಪೂರ್ತಿ ಅವಳದು. ಅವಳು ಬಾಗಿಲಾಚೆ ಇಣುಕಿ ನೋಡಿ ತಲೆಯಾಡಿಸದೆ ನಮ್ಮ ಮನೆಯಿಂದ ಯಾರೂ ಹೊರಡುವ ಹಾಗಿಲ್ಲ. ನಗಬೇಡಿ. ನಮ್ಮನ್ನು ಕಳೆದುಕೊಂಡೇನೆಂಬ ಭಯದಿಂದಲೇ ಅವಳು ಹಾಗೆ ಮಾಡುತ್ತಿದ್ದಳು, ಅದು ನನಗೆ ಗೊತ್ತಿತ್ತು. ಆದರೆ ಆ ಭಯಕ್ಕೆ ಸಿಕ್ಕಿಕೊಂಡು ನರಳಿದ್ದು ಮಾತ್ರ ನನ್ನ ಅಕ್ಕ ವಿಶಾಲಕ್ಕ.

ವಿಶಾಲಕ್ಕ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಬಸ್ಸಿಳಿದು ಮನೆಗೆ ಬರುತ್ತಿದ್ದಳು. ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಸಂಬಂಧಗಳು ಬರದೆ ಅಲ್ಲ. ಚಿತ್ರದುರ್ಗದ ಸಂಬಂಧಕ್ಕೆ ಹೊರಟ ದಿನ ಬಾಡಿಗೆ ಕಾರಿನ ಟೈರು ಪಂಕ್ಚರಾಯಿತು. ಹಿರಿಯೂರಿನ ಸಂಬಂಧಕ್ಕೆ, ಅದನ್ನು ತಂದ ದಲ್ಲಾಳಿಯೇ ಹೊಸಿಲ ಮೇಲೆ ನಿಂತು ಸೀನಿಬಿಟ್ಟ. ಇನ್ನೊಂದಕ್ಕೆ ಸೌದೆಯ ಹೊರೆ ಎದುರಾಯಿತು. ಪ್ರತಿ ಸಲವೂ ಗಂಗತ್ತೆ ಚೀಲ ಕೆಳಗಿಟ್ಟು ಹೇಳುವ ಮಾತು ಒಂದೇ: "ಇವತ್ತು ಬ್ಯಾಡ, ಮುಂದಿನ ವಾರ ನೋಡಾಣ." ಆ ಮುಂದಿನ ವಾರ ಯಾವತ್ತೂ ಬರಲಿಲ್ಲ. ಅಕ್ಕ ಪ್ರತಿ ಸಲವೂ ಒಳಗೆ ಹೋಗಿ, ಮುಡಿದ ಹೂ ತೆಗೆದು, ಸೀರೆ ಬದಲಾಯಿಸಿ, ಮೊರ ಹಿಡಿದು ಅಕ್ಕಿ ಆರಿಸಲು ಕೂರುತ್ತಿದ್ದಳು.

ನಮ್ಮ ಕಡೆ ಮದುವೆಯ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರೆ. ಜುಯ್ ಎನ್ನುವ ಆ ಪುಟ್ಟ ಯಂತ್ರ ಹಿಡಿದು ಈ ತಾಲೂಕಿನ ಅದೆಷ್ಟು ಹೆಣ್ಣುಮಕ್ಕಳ ಹೆಸರನ್ನು ಬಿಂದಿಗೆಗಳ ಕಂಠದಲ್ಲಿ ಬರೆದಿದ್ದೇನೋ. ಒಮ್ಮೆ ಯಾರೋ ಬಂದು, "ಸಾವ್ಕಾರ್ರೇ, ವಿಶಾಲಾಕ್ಷಿ ಅಂತ ಹಾಕ್ರಿ" ಅಂದರು. ಬೇರೆ ಯಾವುದೋ ಮನೆಯ ವಿಶಾಲಾಕ್ಷಿ. ನಾನು ಕೊರೆದ ಅಕ್ಷರ ಸೊಟ್ಟಗಾಯಿತು. ಆ ಬಿಂದಿಗೆ ತೆಗೆದಿಟ್ಟು ಅವರಿಗೆ ಬೇರೆಯದು ಕೊಟ್ಟೆ, ಆ ದಿನ ಅಂಗಡಿಯನ್ನೂ ಬೇಗ ಮುಚ್ಚಿದೆ.

ಹೀಗಿರುವಾಗ ಒಂದು ಶನಿವಾರ ಊಟದ ಹೊತ್ತಿನಲ್ಲಿ ವಿಶಾಲಕ್ಕ ಸಾರು ಬಡಿಸುತ್ತ, ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ, "ನಂಗೊಬ್ರು ಒಪ್ಪಿಗೆ ಆಗವ್ರೆ" ಅಂದಳು. ತುತ್ತು ನನ್ನ ಬಾಯಿಯ ಹತ್ತಿರವೇ ನಿಂತಿತು. ತಿಪ್ಪೇಸ್ವಾಮಿ ಅಂತ ಹೆಸರು, ಹಿರಿಯೂರಿನ ಹತ್ತಿರದ ಬಬ್ಬೂರಿನವರು, ಸಸಿ ಬೆಳೆಸಿ ಮಾರುತ್ತಾರೆ. ಇವಳ ಸ್ಕೂಲಿಗೆ ಹೊಂಗೆ ಬೇವಿನ ಸಸಿ ತಂದಾಗ ಪರಿಚಯವಂತೆ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು, ಮಕ್ಕಳಿಲ್ಲ, ಮನೆಯಲ್ಲಿ ವಯಸ್ಸಾದ ತಾಯಿ. ಗಂಗತ್ತೆ ಬಹಳ ಹೊತ್ತು ಅನ್ನ ಕಲೆಸಿದಳು. ಆಮೇಲೆ ಒಂದೇ ಮಾತು ಕೇಳಿದಳು:

"ಅವ್ರ ಮನೆ ನೋಡ್ಬೇಕಲ್ಲ?"

ಮನೆ ನೋಡುವ ಶಾಸ್ತ್ರ ನಿಮಗೆ ಗೊತ್ತಿರಬಹುದು. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಹೋಗಿ, ಬಚ್ಚಲು ಅಡುಗೆಮನೆ ಹಿತ್ತಿಲು ಎಲ್ಲ ನೋಡಿ, ಉಂಡು, ಹೂಂ ಅನ್ನಬೇಕು. ಹೆಣ್ಣು ಮಾತ್ರ ಹೋಗುವ ಹಾಗಿಲ್ಲ. ವಿಶಾಲಕ್ಕ, "ನಾನೂ ಬರ್ತೀನಿ" ಅಂದಳು.

"ಅಯ್ಯೋ, ಹೆಣ್ಣು ಹೋಗೋ ಶಾಸ್ತ್ರ ಎಲ್ಲೈತೆ?"

"ಅಲ್ಲಿ ಇರೋಳು ನಾನಲ್ವಾ ಅತ್ತೆ?"

ಕೊನೆಗೆ, ಕರೆಯುವ ತನಕ ಕಾರಿನಿಂದ ಇಳಿಯಬಾರದು ಎಂಬ ಷರತ್ತಿನ ಮೇಲೆ ಅತ್ತೆ ಒಪ್ಪಿದಳು. ಆ ಷರತ್ತೇ ನನ್ನ ನಿದ್ದೆ ಕೆಡಿಸಿತು. ಆ ಅಲಾರಂ ರಿಮೋಟು ಒತ್ತದಿದ್ದರೂ ತಾನಾಗಿಯೇ ಚಾಲೂ ಆಗುವಂಥದು. ಅಕ್ಕ ಒಳಗೆ ಕೂತು ಮೈ ಅಲುಗಾಡಿಸಿದರೂ ಸಾಕು, ಆ ಮನೆಯ ಮುಂದೆ ನನ್ನ ಕಾರು ಆರೂ ರಾಗ ಹಾಡಿಬಿಡುತ್ತದೆ. ಹಾಗಾಗಿ ಹೊರಡುವ ಹಿಂದಿನ ದಿನ ಸಂಜೆ, ರಫೀಕನಿಗೆ ಹೇಳಿದರೆ ಬೇಡವೆನ್ನುತ್ತಾನೆ ಎಂದು, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿಕೊಂಡು, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ನಾನೇ ಅಲಾರಂ ಕಿತ್ತೆ. ಡಬ್ಬಿ ಹೊರಬಂತು. ಅದಕ್ಕೆ ಅಂಟಿದ್ದ ತಂತಿಗಳನ್ನೆಲ್ಲ ಕತ್ತರಿಸಿದೆ. ಪಾತ್ರೆ ವ್ಯಾಪಾರಿಯ ಅಚ್ಚುಕಟ್ಟುತನ ಎಲ್ಲಿ ಹೋಗುತ್ತದೆ, ಉಳಿದ ಒಂದೊಂದು ತುದಿಗೂ ಬೇರೆಬೇರೆಯಾಗಿ ಕಪ್ಪು ಟೇಪು ಸುತ್ತಿ ಸಾಲಾಗಿ ಜೋಡಿಸಿದೆ. ಶುಭಕಾರ್ಯದ ದಿನ ಗಾಡಿ ಹಿಂದಕ್ಕೆ ಚಲಿಸಬಾರದು ಎಂದು ಕಾರನ್ನು ದೊಡ್ಡ ರಸ್ತೆಯ ಕಡೆ ಮುಖ ಮಾಡಿ ತಿರುಗಿಸಿ, ಆಮೇಲೇ ತಂತಿ ಮುಟ್ಟಿದ್ದೆ. ಇಷ್ಟೆಲ್ಲ ಜಾಣತನ ಮಾಡಿದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸ್ಟೀರಿಂಗಿನ ಕೆಳಗೆ ಮಲಗಿದ್ದಾಗ ಹಳೆ ರೆಕ್ಸಿನ್ನಿನ ವಾಸನೆ ಬಂತು. ಆ ವಾಸನೆ ಬಂದರೆ ನಾನು ದೊಡ್ಡವನಾಗಿ ಉಳಿಯುವುದಿಲ್ಲ, ಆರೇಳು ವರ್ಷದ ಹುಡುಗನಾಗಿಬಿಡುತ್ತೇನೆ. ರಫೀಕನ ಅಪ್ಪನ ಶೆಡ್ಡಿನ ಹಿಂದೆ ಒಂದು ಮುದಿ ಕಾರು ಇತ್ತು. ಇಂಜಿನ್ ಇರಲಿಲ್ಲ, ಚಕ್ರ ಇರಲಿಲ್ಲ, ಇಟ್ಟಿಗೆಗಳ ಮೇಲೆ ಕೂತಿತ್ತು. ಮಧ್ಯಾಹ್ನ ವಿಶಾಲಕ್ಕ ಲಂಗ ಎತ್ತಿ ಕಟ್ಟಿಕೊಂಡು ಡ್ರೈವರ್ ಸೀಟಿಗೆ ಹತ್ತುತ್ತಿದ್ದಳು. ರಫೀಕ ಕಂಡಕ್ಟರು. ನಾನು ಹಿಂದಿನ ಸೀಟಿನ ಏಕೈಕ ಪ್ರಯಾಣಿಕ. "ಎಲ್ಲಿಗೆ ಹೋಗಾಣ?" ಅಂತ ಅವಳು ಕೇಳುತ್ತಿದ್ದಳು. ರಫೀಕ ಮಾರಿಕಣಿವೆ ಡ್ಯಾಮು ಅನ್ನುತ್ತಿದ್ದ, ನಾನು ದುರ್ಗದ ಕೋಟೆ ಅನ್ನುತ್ತಿದ್ದೆ. ಅವಳು ಎರಡೂ ಕಡೆ ಕರೆದೊಯ್ಯುತ್ತಿದ್ದಳು. ಈಗ ಗುಡ್ಡ ಬಂತು, ಈಗ ಗಾಳಿ ಬಂತು, ತಲೆ ಒಳಗೆ ಹಾಕ್ಕಳ್ರಿ, ಅಗೋ ನೀರು ನೋಡ್ರಿ, ಆ ದಡ ಕಾಣಲ್ಲ ಎಂದು ಹೇಳುತ್ತ ಹೇಳುತ್ತ ಅವಳು ಸ್ಟೀರಿಂಗು ತಿರುಗಿಸುತ್ತಿದ್ದರೆ, ನನಗೆ ನೀರಿನ ತಂಪು ಕೆನ್ನೆಗೆ ತಗಲಿ ನಿದ್ದೆ ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ನಿಜವಾದ ಮಾರಿಕಣಿವೆಯ ಕಟ್ಟೆಯ ಮೇಲೆ ನಿಂತಾಗ, ಅರೆ, ಇದನ್ನು ಆಗಲೇ ನೋಡಿದ್ದೇನಲ್ಲ ಅನ್ನಿಸಿತು. ಇವತ್ತಿಗೂ ನನ್ನೊಳಗೆ ಎರಡು ಮಾರಿಕಣಿವೆಗಳಿವೆ, ಅಕ್ಕ ತೋರಿಸಿದ್ದರಲ್ಲಿ ನೀರು ಹೆಚ್ಚು.

ಇರಲಿ, ಮರುದಿನ ಬೆಳಿಗ್ಗೆಗೆ ಬರೋಣ. ಭಾನುವಾರ. ಗಂಗತ್ತೆ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ, ವಿಶಾಲಕ್ಕ ಸಾಸಿವೆ ಬಣ್ಣದ ಸೀರೆಯುಟ್ಟು, ಮಲ್ಲಿಗೆ ಮುಡಿದು ಹಿಂದೆ. ಹೊಸಿಲು, ಬೀದಿ, ಆಕಾಶ ಎಲ್ಲ ನೋಡಿ ಅತ್ತೆ ತಲೆಯಾಡಿಸಿದ್ದಾಯಿತು. ನಾನು ಕೀಲಿ ತಿರುಗಿಸಿದೆ. ದೀಪಗಳು ಹತ್ತಿದವು. ಅಷ್ಟೇ. ಮತ್ತೆ ತಿರುಗಿಸಿದೆ. ಉಸಿರಿಲ್ಲ. ಹಾರನ್ ಒತ್ತಿದೆ, ಬೀದಿಗೆಲ್ಲ ಕೇಳುವಂತೆ ಕೂಗಿತು. ಇಂಜಿನ್ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಗಂಗತ್ತೆ ನಿಧಾನವಾಗಿ ಬಾಗಿಲು ತೆರೆದು, ಬುಟ್ಟಿ ಸಮೇತ ಕೆಳಗಿಳಿದಳು.

ಫೋನು ಮಾಡಿದ ತಕ್ಷಣ ರಫೀಕ ಬೈಕಿನಲ್ಲಿ ಬಂದ. ನಾನು ಮಾಡಿದ ಶಸ್ತ್ರಚಿಕಿತ್ಸೆಯ ಸುದ್ದಿಯನ್ನು ಆಗಲೇ ಹೇಳಲು ನಾಲಿಗೆ ಏಳಲಿಲ್ಲ. ಅವನು ಬ್ಯಾಟರಿ ಎಂದ. ಬಿಸಿನೀರು ಹೊಯ್ದು ಟರ್ಮಿನಲ್ ತೊಳೆದ. ಎದುರುಮನೆಯವರ ಗಾಡಿಯಿಂದ ವೈರು ಎಳೆದು ಕರೆಂಟು ಕೊಟ್ಟ. ಫ್ಯೂಸು ಕಿತ್ತು, ಊದಿ, ಮತ್ತೆ ಹಾಕಿದ. ಕಾರು ಸತ್ಯಾಗ್ರಹ ಬಿಡಲಿಲ್ಲ. ಕೊನೆಗೆ, "ಸೆಲ್ಫ್ ಹೊಡಿಯಾದು ಬ್ಯಾಡ, ತಳ್ಳಾಣ. ಹಿಂದೆ ಇಳಿಜಾರು ಐತೆ, ರಿವರ್ಸ್ ಗೇರಲ್ಲಿ ಬಿಟ್ರೆ ಗಕ್ಕಂತ ಹತ್ಕಂತೈತೆ" ಅಂದ. ನಮ್ಮ ಬೀದಿ ಹಾಗೇ ಇದೆ, ಮುಂದೆ ಏರು, ಹಿಂದೆ ಇಳಿಜಾರು.

"ಹಿಂದಕ್ಕಾ?" ಗಂಗತ್ತೆ ಬುಟ್ಟಿಯನ್ನು ಎದೆಗವಚಿಕೊಂಡು ಕಾರಿನ ಹಿಂದೆ ಹೋಗಿ ನಿಂತುಬಿಟ್ಟಳು. "ಮನೆ ನೋಡಕ್ ಹೊಂಟ ಗಾಡಿ ಹಿಂದಕ್ ಹೋಗ್ತೈತಾ? ನನ್ ಮೈಮ್ಯಾಲೆ ಹತ್ತಿಸ್ಕಂಡ್ ಹೋಗ್ರಿ."

ವಿಶಾಲಕ್ಕ ಕಿಟಕಿಯಿಂದ ತಲೆ ಹೊರಹಾಕಿ, "ನಾಕು ಮಾರು ಹಿಂದೆ ಹೋದ್ರೆ ಏನಾಗ್ತೈತೆ ಅತ್ತೆ? ಆಮೇಲೆ ಮುಂದಕ್ಕೇ ಹೋಗ್ತೀವಲ್ಲ" ಅಂದಳು.

"ಬ್ಯಾಡ ಕಣವ್ವ. ಗಾಡಿನೇ ಒಲ್ಲೆ ಅಂತೈತೆ. ಇವತ್ತು ಬ್ಯಾಡ, ಮುಂದಿನ ವಾರ ನೋಡಾಣ."

ಬಂತಲ್ಲ ಆ ಮಾತು. ನನಗೆ ಅತ್ತೆಯ ಮೇಲೆ, ಕಾರಿನ ಮೇಲೆ, ಆ ವಿಡಿಯೋ ಮಾಡಿದವನ ಮೇಲೆ ಒಟ್ಟಿಗೇ ಸಿಟ್ಟು ನೆತ್ತಿಗೇರಿತು. ಅಕ್ಕ ಕಾರಿನಿಂದ ಇಳಿದು ಒಳಗೆ ಹೋದಳು. ಹೋಗುವಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇನ್ನು ಹೂ ತೆಗೆಯುತ್ತಾಳೆ, ಸೀರೆ ಬದಲಾಯಿಸುತ್ತಾಳೆ, ಮೊರ ಹಿಡಿಯುತ್ತಾಳೆ. ಈ ಸಲ ಹಾಗಾದರೆ ಇನ್ನೆಂದೂ ಅವಳು ಇಂಥ ಮಾತು ನಮ್ಮ ಮುಂದೆ ಎತ್ತುವುದಿಲ್ಲ. ನಾನು ರಫೀಕನ ಕಿವಿಯಲ್ಲಿ ಅಲಾರಂ ಕಿತ್ತ ಸಂಗತಿ ಹೇಳಿದೆ.

"ಯಾ ಅಲ್ಲಾ!" ಅವನು ಹಣೆ ಹಣೆ ಬಡಿದುಕೊಂಡ. "ಲೇ, ಕಳ್ಳ ಸ್ಟಾರ್ಟ್ ಮಾಡ್ಬಾರ್ದು ಅಂತ ಸೆಲ್ಫ್ ವೈರ್ನೇ ಮಧ್ಯಕ್ ಕತ್ತರಿಸಿ ಅಲಾರಂ ಡಬ್ಬಿಯೊಳಗಿಂದ ಹಾಯ್ಸಿದ್ದೆ ಕಣಲೇ. ಡಬ್ಬಿ ಹೋತು, ವೈರು ಎರಡ್ ತುಂಡಾಗಿ ಕುಂತೈತೆ. ಸೇರಿಸಿದ್ರೆ ಆತು."

"ಸೇರಿಸು ಮತ್ತೆ. ಎಲ್ಲಿ ಕತ್ತರಿಸಿದ್ದೆ?"

ರಫೀಕ ಸ್ಟೀರಿಂಗಿನ ಕೆಳಗೆ ನೋಡಿದ. ನಾನು ಸುತ್ತಿದ ಟೇಪಿನಿಂದಾಗಿ ಯಾವ ತಂತಿಯ ಬಣ್ಣ ಯಾವುದೆಂದೂ ಕಾಣುತ್ತಿರಲಿಲ್ಲ. ಗಡ್ಡ ಕೆರೆದುಕೊಂಡ. "ಕಳ್ಳಂಗೆ ಸಿಗಬಾರ್ದು ಅಂತ ಬಚ್ಚಿಟ್ಟಿದ್ದೆ. ಎಲ್ಲಿ ಅಂತ ನಂಗೇ ನೆಪ್ಪಿಲ್ಲ."

ಇಷ್ಟು ವರ್ಷ ಯಾವ ಕಳ್ಳನೂ ಬರಲಿಲ್ಲ. ಬಚ್ಚಿಟ್ಟವನೇ ಕಳ್ಳನ ಹಾಗೆ ಹುಡುಕತೊಡಗಿದ. ನಾನು ಟಾರ್ಚು ಹಿಡಿದೆ. ಒಬ್ಬರ ಮೊಣಕೈ ಒಬ್ಬರ ಮೂಗಿಗೆ ತಗಲುತ್ತ ಬೈದಾಡಿಕೊಂಡೆವು. ಬಹಳ ಹೊತ್ತಾದ ಮೇಲೆ, ಒಂದು ಕವಚದ ಹಿಂದೆ, ಕೆಂಪು ರೆಕ್ಸಿನ್ನಿನ ಪುಟ್ಟ ಚೀಲದಂಥದು ಅವನ ಬೆರಳಿಗೆ ಸಿಕ್ಕಿತು. ತಂತಿಯ ಕೊಂಡಿಯನ್ನು ಅದರೊಳಗಿಟ್ಟು ನಾಲ್ಕೂ ಕಡೆ ಒತ್ತಾಗಿ ಹೊಲಿದಿತ್ತು. ರಫೀಕ ಅದನ್ನು ಟಾರ್ಚಿನ ಬೆಳಕಿಗೆ ಹಿಡಿದ. "ಅಬ್ಬಾನ ಹೊಲಿಗೆ" ಅಂದ. ಅವನ ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಮಗನ ಕೆಲಸಕ್ಕೆ ಮಳೆನೀರು ತಾಗದಿರಲಿ ಎಂದು ಕೂತು ಹೊಲಿದುಕೊಟ್ಟಿದ್ದರಂತೆ. ಬ್ಲೇಡು ಕೈಗೆ ತೆಗೆದುಕೊಂಡ, ಕೆಳಗಿಟ್ಟ, ಮತ್ತೆ ತೆಗೆದುಕೊಂಡ. "ವಿಶಾಲಕ್ಕನ ಕೆಲ್ಸಕ್ಕಾದ್ರೆ ಅಬ್ಬಾ ಏನೂ ಅನ್ನಲ್ಲ" ಎಂದು ಒಂದು ಬದಿಯ ಹೊಲಿಗೆಯನ್ನಷ್ಟೇ ಬಿಚ್ಚಿ, ನಾನು ಟೇಪು ಸುತ್ತಿದ್ದ ತಂತಿಗಳನ್ನು ಎಳೆದುಹಾಕಿ, ಒಳಗಿದ್ದ ಎರಡು ತುದಿಗಳನ್ನು ಒಂದಕ್ಕೊಂದು ಹೊಸೆದ. ನಾನು ಕೀಲಿ ತಿರುಗಿಸಿದೆ. ಕಾರು ಏನೂ ಆಗಿಯೇ ಇಲ್ಲವೆಂಬಂತೆ ಗುರ್ ಎಂದಿತು.

"ಅಕ್ಕಾ!" ಎಂದು ಕೂಗಿದೆ. ಮತ್ತೆ ಕೂಗಿದೆ. ಒಳಗೆ ಹೋಗಿ ನೋಡಿದರೆ ಅಡುಗೆಮನೆಯಲ್ಲಿಲ್ಲ, ಹಿತ್ತಿಲಲ್ಲಿಲ್ಲ. ಮೊರ ಗೋಡೆಗೇ ಒರಗಿತ್ತು. ಪಕ್ಕದ ಮನೆಯ ಕಮಲಮ್ಮ ಕಟ್ಟೆಯ ಮೇಲಿಂದಲೇ, "ಟೀಚರಮ್ಮನಾ? ಆಗ್ಲೇ ಹಿತ್ಲ ಬಾಗ್ಲಿಂದ ಬಸ್ ಸ್ಟ್ಯಾಂಡ್ ಕಡೆ ಹೋದ್ರಲ್ಲಪ್ಪ. ನೀವು ಗಾಡಿಯೊಳಗೆ ತಲೆ ಇಟ್ಕಂಡಿದ್ರಿ" ಅಂದರು. ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ.

ಗಂಗತ್ತೆ, "ಹೊಳಲ್ಕೆರೆಗೇ ಹೋಗವಳೆ. ಕೋಣೆ ಸೇರ್ಕಂಡು ಇನ್ನ ಈ ಮನೆಗೆ ಬರಲ್ಲ ಅವ್ಳು" ಎಂದು ಸೆರಗು ಬಾಯಿಗೊತ್ತಿಕೊಂಡಳು. ಅಳು ನುಂಗುತ್ತಲೇ ಬಂದು ಕಾರಿನಲ್ಲಿ ಕೂತಳು. ರಫೀಕನೂ ಹಿಂದೆ ಹತ್ತಿದ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಹೊಳಲ್ಕೆರೆಯ ಬಸ್ಸೂ ಹೋಗಿತ್ತು, ಹಿರಿಯೂರಿನ ಬಸ್ಸೂ ಹೋಗಿತ್ತು. ಒಂದು ರಸ್ತೆ ಆಚೆಗೆ, ಒಂದು ಈಚೆಗೆ. "ಹೊಳಲ್ಕೆರೆ ಕಡೆ ತಿರುಗ್ಸಪ್ಪ" ಅಂದಳು ಅತ್ತೆ. ನಾನು ಹಿರಿಯೂರಿನ ಕಡೆ ತಿರುಗಿಸಿದೆ. ಯಾಕೆ ಎಂದು ಕೇಳಬೇಡಿ, ನನ್ನ ಹತ್ತಿರ ಕಾರಣ ಇರಲಿಲ್ಲ. ಅವಳು ಬಬ್ಬೂರಿಗೇ ಹೋಗಿರಲಿ ಎಂಬ ಆಸೆ ಮಾತ್ರ ಇತ್ತು.

ಆ ದಾರಿ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ತೆಂಗಿನ ತೋಟಗಳು ಮುಗಿದು ಒಣ ಹೊಲಗಳು, ದೂರದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ಅರೆಮನಸ್ಸಿನಿಂದ ತಿರುಗುವುದು, ಮಾರಿಕಣಿವೆಯ ಹಿನ್ನೀರು ಒಂದು ಕಡೆ ಮಿಂಚಿ ಮರೆಯಾಗುವುದು. ಆರು ರಾಗದ ಆ ಕಾರು ಅಷ್ಟು ಮೆತ್ತಗೆ ಹೋಗಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ. ಬಬ್ಬೂರು ಹತ್ತಿರವಾದಾಗ ಮುಂದೆ ಹೋಗುತ್ತಿದ್ದ ಬಸ್ಸೊಂದು ಸಿಕ್ಕಿತು, ಅದರ ಪಕ್ಕಕ್ಕೆ ಬಂದು ನೋಡಿದೆವು. ರಫೀಕ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಒಂದೊಂದು ಸೀಟನ್ನೂ ಹುಡುಕಿದ. ಸಾಸಿವೆ ಬಣ್ಣದ ಸೀರೆ ಇರಲಿಲ್ಲ. "ಇಲ್ಲ ಕಣಲೇ" ಎಂದು ಒಳಗೆ ಕೂತ. ನಾನೂ ಆಸೆ ಬಿಟ್ಟೆ. ಅಷ್ಟು ದೂರ ಬಂದದ್ದಕ್ಕೆ ಆ ಮನೆಯವರಿಗೆ ಮುಖ ತೋರಿಸಿ, ಕ್ಷಮೆ ಕೇಳಿ ಬರೋಣ ಎಂದುಕೊಂಡೆ.

ತಿಪ್ಪೇಸ್ವಾಮಿಯವರ ಮನೆ ಸುಲಭವಾಗಿ ಸಿಕ್ಕಿತು. ಸಾಲುಸಾಲು ಸಸಿಗಳ ನಡುವೆ ಹೆಂಚಿನ ಮನೆ, ಮುಂದೆ ಜಗಲಿ. ಜಗಲಿಯ ಮೇಲೆ ಕೂತಿದ್ದ ಬಹಳ ವಯಸ್ಸಾದ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು, "ಬರ್ರಿ, ಬರ್ರಿ. ಯಾವೂರಪ್ಪ? ಯಾರು ಅಂತ ಗೊತ್ತಾಗ್ಲಿಲ್ಲ" ಅಂದರು. ನಾನು ಗಂಟಲು ಸರಿಮಾಡಿಕೊಂಡು ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ವಿಶಾಲಕ್ಕ ಬಂದಳು. ಮಲ್ಲಿಗೆ ಮುಡಿಯಲ್ಲೇ ಇತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಯಲ್ಲಿ ತುಂಬಿದ ನೀರಿನ ಚೊಂಬು.

"ನನ್ ತವರಿನೋರು, ಅಮ್ಮ" ಅಂದಳು ಆ ಮುದುಕಿಗೆ. "ನಮ್ಮನೆ ನೋಡಕ್ ಬಂದವ್ರೆ."

ಆಮೇಲೆ ಜಗಲಿಯ ಅಂಚಿಗೆ ಬಂದು, ಮನೆಗೆ ಬಂದ ನೆಂಟರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಚೊಂಬನ್ನು ನನ್ನತ್ತ ಚಾಚಿದಳು. "ಕಾಲಿಗೆ ನೀರು ತಗಳಪ್ಪ."

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನ ಮನೆಗೆ ನಾನು ಮೊದಲ ಸಲ ಹೋದದ್ದು ಹೀಗೆ. ಚೊಂಬು ಇಸಕೊಂಡು ಗಂಗತ್ತೆಯ ಕಾಲಿಗೆ ನೀರು ಹಾಕಿದೆ. ಅವಳು ನೆಟ್ಟಗೆ ತೊಳೆದುಕೊಳ್ಳಲೂ ಇಲ್ಲ. ಬುಟ್ಟಿಯನ್ನು ರಫೀಕನ ಕೈಗೆ ತುರುಕಿ, ಎಡಗಾಲೋ ಬಲಗಾಲೋ ನೋಡದೆ, ಒದ್ದೆ ಹೆಜ್ಜೆಯಲ್ಲೇ ಜಗಲಿ ಹತ್ತಿ ಹೋಗಿ ವಿಶಾಲಕ್ಕನನ್ನು ತಬ್ಬಿಕೊಂಡಳು.